ಕೊಕ್ಕೆಯಿಲ್ಲದ ಒಂದು ಮಾತು

ನಮ್ಮಣ್ಣ ಭಗವಂತನನ್ನು ಯಾರೂ ನೆಟ್ಟಗೆ ಹೊಗಳಿದ್ದೇ ಇಲ್ಲ. ಹೊಗಳಿಕೆಗೊಂದು ಕೊಕ್ಕೆ ಇದ್ದೇ ಇರುತ್ತಿತ್ತು. ನಾಗಣಸೂರಿನ ಸಾಲೆಯಲ್ಲಿ ಬಾಗಿಲಾಚೆ ಕೂತು ಕಲಿತವನು ಅವನು. ಫೈನಲ್ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲು ಬಂದಾಗ ಗೌಡರು, "ಕೆಳಗಿನ ಕೇರಿಯಂವ ಆದ್ರೂ ಪೋರ ಶ್ಯಾಣ್ಯಾ ಅದಾನ" ಎಂದರು. ಆ "ಆದ್ರೂ" ಯಾಕೆ ಬೇಕಿತ್ತು ಆ ಮನುಷ್ಯನಿಗೆ? ನೆನೆಸಿಕೊಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಮುಂದೆ ಅಣ್ಣ ಸೊಲ್ಲಾಪುರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರನಾದ. ಐವತ್ತೇಳನೆಯ ಇಸವಿಯ ಒಂದು ರವಿವಾರ ಊರಿಗೆ ಬಂದವನು ಚಹಾ ಮುಟ್ಟದೆ ಕೂತುಬಿಟ್ಟ.

"ಯಾಕೋ ಅಣ್ಣಾ?" ಎಂದೆ.

"ಹೆಡ್‌ಮಾಸ್ತರ್ರು ಸಾಲಿ ಗ್ಯಾದರಿಂಗದಾಗ ನನ್ನ ಇಂಗ್ಲಿಷಿನ್ಯಾಗ ಹೊಗಳಿದ್ರು, ಹಿರಾ. ಆಲ್ದೋ ಅಂತನ ಚಾಲೂ ಮಾಡಿದ್ರು, ಅಂದ್ರ ಅದ ಆದ್ರೂ. ಹರಿಜನನಾದರೂ ಇವನ ಉಚ್ಚಾರ ಶುದ್ಧ ಅಂದ್ರು. ಮಂದಿ ಚಪ್ಪಾಳಿ ಹೊಡೀತು. ಬಡವನಾದರೂ ಪ್ರಾಮಾಣಿಕ, ಕುಂಟನಾದರೂ ಚುರುಕು ಅಂತ ಅಂಥಾವ ವಾಕ್ಯ ನಾನೂ ಪೋರಗೋಳಿಗೆ ಕಲಸ್ತೀನಿ. ಬೋರ್ಡಿನ ಮ್ಯಾಲ ಬರಿಯಾಕ ಈಗ ಕೈ ಏಳವಲ್ದು."

ಅವ್ವ ಹುಚ್ಚವ್ವ ಒಲೆಯ ಮುಂದೆ ಕೂತು ಎಲ್ಲ ಕೇಳುತ್ತಿದ್ದಳು. ಅಣ್ಣ ಅವಳತ್ತ ತಿರುಗಿದ. "ಯವ್ವಾ, ನೀನರ ಒಮ್ಮೆ ಬರೇ ಚೊಲೋ ಅದಾನ ಅನ್ನು. ಮುಂದ ಏನೂ ಹಚ್ಚಬ್ಯಾಡ. ಅದೊಂದು ಮಾತು ಕೇಳಬೇಕಂತ ಜೀವ ಹಂಬಲಸ್ತದ."

ಅವ್ವ ಮುಖ ತಿರುಗಿಸಿ ಒಲೆಗೆ ಕಟ್ಟಿಗೆ ನೂಕಿದಳು. ಅವಳದೂ ಒಂದು ಕೊಕ್ಕೆಯೇ, ಆದರೆ ಬೇರೆ ಥರದ್ದು. ಅವಳ ಚೊಚ್ಚಿಲ ಕೂಸನ್ನು ನೋಡಿದವರೆಲ್ಲ ಎಷ್ಟು ಚೆಂದ, ಎಷ್ಟು ಚೆಂದ ಎಂದಿದ್ದರಂತೆ. ವಾರದೊಳಗೇ ಜ್ವರ ಬಂದು ಕೂಸು ಹೋಯಿತು. ಅಂದಿನಿಂದ ಮಕ್ಕಳ ಬಗ್ಗೆ ಒಂದು ಒಳ್ಳೆಯ ಮಾತು ಬಂದರೆ ಸಾಕು, ದೃಷ್ಟಿಯಾಗದಿರಲೆಂದು ಒಂದು ಐಬು ಸೇರಿಸುತ್ತಿದ್ದಳು. ಹಿಂದಿನ ವರ್ಷ ನಾವು ಬೌದ್ಧರಾದಾಗ ಮನೆಯ ದೇವರನ್ನೆಲ್ಲ ಬಿಟ್ಟಳು, ಈ ಅಂಜಿಕೆಯನ್ನು ಮಾತ್ರ ಬಿಡಲಾಗಲಿಲ್ಲ.

ಸಂಜೆ ಅಣ್ಣನನ್ನು ಕಳಿಸಲು ಅಕ್ಕಲಕೋಟದ ಮೋಟಾರ್ ಸ್ಟ್ಯಾಂಡಿನ ತನಕ ಹೋದೆವು. ಸೊಲ್ಲಾಪುರದ ಗಾಡಿ ನಿಂತಿತ್ತು. ಅಣ್ಣ ಸಪ್ಪೆ ಮೋರೆ ಹಾಕಿಕೊಂಡು ಕಿಟಕಿಗೆ ಕೂತಿದ್ದ. ಅವ್ವ ಅವನನ್ನೇ ನೋಡಿದಳು, ಸೆರಗು ತಲೆಯ ಮೇಲೆ ಎಳೆದುಕೊಂಡಳು, ಅಷ್ಟೂ ಮಂದಿಯ ನಡುವೆ ಗಟ್ಟಿಯಾಗಿ ಕೂಗಿದಳು:

"ನನ್ನ ಮಗ ಬಂಗಾರದಂಥಾಂವ ಅದಾನ!"

ಗಾಡಿ ಹೊರಟಿತು. ಅಣ್ಣ ಸಣ್ಣ ಹುಡುಗನ ಹಾಗೆ ನಗುತ್ತ ಕೈ ಬೀಸಿದ. ಅಷ್ಟರಲ್ಲಿ ಅವ್ವನ ಮುಖ ಬಿಳಿಚಿಕೊಂಡಿತು. ಏನಂದೆನಪ್ಪಾ ಎಂಬಂತೆ ಬಾಯಿಗೆ ಕೈ ಹಚ್ಚಿದಳು, ಮರುಕ್ಷಣ ಧೂಳಿನಲ್ಲಿ ಗಾಡಿಯ ಹಿಂದೆಯೇ ಓಡಿದಳು.

"ಕಿವಿ ಚಂದಿಲ್ಲೋ ನಿನ್ನು! ಆನಿ ಕಿವಿ ಅದಾವೋ! ಭಗವಂತಾ!"

ಗಾಡಿ ತಿರುವು ದಾಟಿತ್ತು. ನಾನು ಹಿಂದೆ ಓಡಿ ಅವಳ ತೋಳು ಹಿಡಿದೆ. ಏದುಸಿರು ಬಿಡುತ್ತ ಕೇಳಿದಳು, "ಅವಗ ಕೇಳಿಸ್ತೇನ, ಹಿರಾ?"

ಆ ಮೋಟಾರಿನ ಗದ್ದಲದಲ್ಲಿ ಎಲ್ಲಿ ಕೇಳಿಸಬೇಕು! ಅಣ್ಣ ಮೊದಲನೆಯ ಮಾತಷ್ಟನ್ನೇ ಹೊತ್ತುಕೊಂಡು ಹೋಗಿದ್ದ.

"ಕೇಳಿಸ್ತು, ಯವ್ವಾ" ಎಂದು ಸುಳ್ಳು ಹೇಳಿ ಅವಳನ್ನು ಮನೆಗೆ ಕರೆದುಕೊಂಡು ಬಂದೆ.