ಹೆಸರಿಗೆ ಅಂಟದ ‘ದಿ.’

ಓದುವ ಎಲ್ಲರಿಗೂ ನಮಸ್ಕಾರ. ನಾನು ಮಗ್ಗ ಬಿಟ್ಟು, ಮೂವತ್ತು ದಾಟಿದ ಮೇಲೆ ಹತ್ತನೇ ತರಗತಿ ಪಾಸಾಗಿ ಕಂಪ್ಯೂಟರ್ ಕಲಿತವನು. ಟೈಪಿಂಗ್ ಇನ್ನೂ ಎರಡೇ ಬೆರಳಿನದು. ತಪ್ಪುಗಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಿಚಿತ್ರ ಅನುಭವ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಕಂಪ್ಯೂಟರ್ ಅಂತೂ ನಾವು ಹೇಳಿದ್ದನ್ನಷ್ಟೇ ಮಾಡುತ್ತದೆ, ತಪ್ಪಿದರೆ ತಪ್ಪು ನಮ್ಮದೇ ಎಂದು ನಂಬಿದ್ದೆ.

ಕೆಲವು ವರ್ಷಗಳ ಹಿಂದೆ ಬೆಟಗೇರಿಯ ನೇಕಾರರ ಸಂಘವೊಂದರಲ್ಲಿ ಸದಸ್ಯರ ಡೇಟಾಬೇಸ್ ನೋಡಿಕೊಳ್ಳುತ್ತಿದ್ದೆ. ವಾರ್ಷಿಕ ಪುಸ್ತಿಕೆ ಅಚ್ಚಿಗೆ ಹೋಗುವ ಮುನ್ನ ತೀರಿಕೊಂಡವರ ಹೆಸರಿನ ಮುಂದೆ ‘ದಿ.’ ಸೇರಿಸಬೇಕು. ಅದಕ್ಕೆ ಅಪ್‌ಡೇಟ್ ಕ್ವೆರಿಯಲ್ಲಿ, ಅಂದರೆ ಡೇಟಾಬೇಸಿಗೆ ಕೊಡುವ ಬದಲಾವಣೆಯ ಆಜ್ಞೆಯಲ್ಲಿ, ಕಾನ್‌ಕ್ಯಾಟ್ ಎಂಬ ಫಂಕ್ಷನ್ ಹಾಕುತ್ತಿದ್ದೆ. ಕಡಿದ ಎಳೆಗೆ ಗಂಟು ಹಾಕಿದಂತೆ ಅದು ಅಕ್ಷರಕ್ಕೆ ಅಕ್ಷರ ಜೋಡಿಸುತ್ತದೆ.

ಅಂದು ಮಧ್ಯಾಹ್ನ ಮಲ್ಲೇಶಿ ಬಂದ. ಅವನ ಅಣ್ಣ, ನಮ್ಮ ಸಂಘದ ಸದಸ್ಯ ಈರಪ್ಪ ಮನೆ ಬಿಟ್ಟು ಹೋಗಿ ಎರಡು ವರ್ಷವಾಗಿತ್ತು. ಈ ಸಲ ಅಣ್ಣನ ಹೆಸರಿಗೂ ‘ದಿ.’ ಹಾಕು, ಕಾರ್ಯದರ್ಶಿಗಳು ಒಪ್ಪಿದ್ದಾರೆ ಎಂದ. ಹಿಂದೆಯೇ ಈರಪ್ಪನ ಹೆಂಡತಿ ಶಾಂತವ್ವ ಬಂದು ಬಾಗಿಲಲ್ಲಿ ನಿಂತಳು. ಕೈತುಂಬ ಹಸಿರು ಬಳೆ. ಮಲ್ಲೇಶಿ ಅತ್ತಿಗೆಯತ್ತ ತಿರುಗಿದ.

“ವೈನಿ, ಲಕ್ಷ್ಮೇಶ್ವರ ಆತು, ಶಿರಹಟ್ಟಿ ಆತು. ಇನ್ನೆಷ್ಟ ಹುಡುಕಲಿ? ಮಂದಿ ದಿನಾ ಕೇಳ್ತಾರ. ಪುಸ್ತಕದಾಗ ಬಂದ್ರ ಎಲ್ಲಾರ ಬಾಯಿ ಮುಚ್ಚತೈತಿ. ಕರ್ಮ ಮುಗಿಸಿಬಿಡೂಣು.”

“ಮುಂಡರಗಿ ಕಡೆ ನೋಡಿಲ್ಲಲ್ಲೋ. ಇವತ್ತ ಒಂದ ಸಲ ಹೋಗಿ ಬಾ, ಕೈ ಮುಗೀತೀನಿ. ಅವರು ಅದಾರ.”

ಮಲ್ಲೇಶಿ ನನ್ನತ್ತ ಕೈ ಮಾಡಿದ. ನಾನು ಕ್ವೆರಿ ಓಡಿಸಿದೆ. ಒಂದು ಸಾಲು ಬದಲಾಯಿತು ಎಂದು ಪರದೆ ಹೇಳಿತು. ತೆರೆದು ನೋಡಿದರೆ ಬರೀ ‘ಈರಪ್ಪ’. ಮತ್ತೆ ಓಡಿಸಿದೆ, ಮತ್ತೆ ಅದೇ. ಕಣ್ಣಿಗೆ ಕಾಣದ ಅಕ್ಷರವೇನಾದರೂ ಸೇರಿದೆಯೇ ಎಂದು ಹೆಸರಿನ ಉದ್ದ ಅಳೆಯುವ ಫಂಕ್ಷನ್ ಹಾಕಿದೆ. ಒಂದಕ್ಷರವೂ ಹೆಚ್ಚಿರಲಿಲ್ಲ. ಅದೇ ಬೆಳಿಗ್ಗೆ ಉಳಿದವರ ಹೆಸರಿಗೆಲ್ಲ ಸರಿಯಾಗಿ ಸೇರಿತ್ತು. ಮೂರನೇ ಸಲವೂ ಸೇರಲಿಲ್ಲ.

“ಏನಲೇ, ಕಂಪ್ಯೂಟರಿಗೂ ನಮ್ಮ ವೈನಿ ಚಹಾ ಕುಡಿಸ್ಯಾಳೇನು?” ಎಂದ ಮಲ್ಲೇಶಿ. ನಾವಿಬ್ಬರೂ ನಕ್ಕೆವು. ಶಾಂತವ್ವ ನಗಲಿಲ್ಲ.

“ನೋಡ್ರಿ, ಅವರು ಒಲ್ಲೆ ಅನ್ನಾಕತ್ತಾರ. ಹೋಗೋ ಮಲ್ಲೇಶಿ, ಇವತ್ತ ಹೋಗೋ.”

“ನಾಡಿದ್ದ ನೋಡೂಣ ತಗೋ” ಎಂದು ಅವನು ಗಾಡಿ ಹತ್ತಿದ. ನಾನು ಬಾಗಿಲು ಹಾಕಿ, ಕೀಲಿ ಜೇಬಿಗಿಟ್ಟು ಮನೆಗೆ ಹೋದೆ.

ಮರುದಿನ ನಾನೇ ಬಾಗಿಲು ತೆರೆದು ಕಂಪ್ಯೂಟರ್ ಹಚ್ಚಿದೆ. ‘ದಿ. ಈರಪ್ಪ’ ಎಂದಿತ್ತು. ಹಿಂದಿನ ದಿನದ ಕ್ವೆರಿಗಳು ತಡವಾಗಿ ಕೂಡಿದ್ದರೆ ಮೂರು ‘ದಿ.’ ಇರಬೇಕಿತ್ತು. ಇದ್ದದ್ದು ಒಂದೇ.

ಅದನ್ನೇ ನೋಡುತ್ತ ಕುಳಿತಿದ್ದಾಗ ಫೋನ್ ಬಂತು. ಮುಂಡರಗಿಯ ಚಹಾದಂಗಡಿಯವನು. ಸತ್ತವನ ಜೇಬಿನಲ್ಲಿ ಈರಪ್ಪನ ಹೆಸರಿದ್ದ ನಮ್ಮ ಸಂಘದ ಗುರುತಿನ ಚೀಟಿ ಸಿಕ್ಕಿತ್ತಂತೆ.

“ನಮ್ಮಲ್ಲೇ ಕಪ್ಪು ತೊಳಕೊಂಡ ಇದ್ರರೀ. ಜ್ವರ ಬಂದಿತ್ತು. ನಿನ್ನೆ ಸಂಜಿಮುಂದ ಗಂಜಿ ಕುಡದು ಮಾತಾಡ್ಯಾರ. ಬೆಳಗಾಗೂದ್ರಾಗ ಹೋಗಿಬಿಟ್ಟಾರ್ರಿ.”

ನನಗೆ ಕಂಪ್ಯೂಟರ್ ಕಲಿಸಿದ ಗದಗಿನ ಮೇಷ್ಟ್ರನ್ನು ಕೇಳಿದೆ. ಎಲ್ಲೋ ಸೇವ್ ಆಗಿರಲಿಕ್ಕಿಲ್ಲ ಎಂದರು. ಹಾಗಾದರೆ ಆ ಒಂದು ‘ದಿ.’ ಎಲ್ಲಿಂದ ಬಂತು ಎಂದಾಗ, ಇನ್ನೊಮ್ಮೆ ತೆರೆದು ನೋಡು ಎಂದರು.

ದಿನಕರ್ಮಕ್ಕೆ ಹೋಗಿದ್ದಾಗ ಶಾಂತವ್ವ ಬರಿಗೈಯಲ್ಲಿ ಕುಳಿತಿದ್ದಳು. ನನ್ನನ್ನು ನೋಡಿ ಒಂದೇ ಮಾತು ಕೇಳಿದಳು: “ಅಣ್ಣಾರ, ಆ ‘ದಿ.’ ಬರ್ಲಿಲ್ಲಲ್ರಿ, ಆವಾಗನ ಹೊಂಟಿದ್ರ ಸಿಗ್ತಿದ್ರೇನ್ರಿ?”

ನಿಮ್ಮಲ್ಲಿ ಯಾರಿಗಾದರೂ ಇಂಥದ್ದು ಎದುರಾಗಿದ್ದರೆ ದಯವಿಟ್ಟು ಬರೆಯಿರಿ. ಆಕೆಗೆ ಏನು ಹೇಳಬೇಕೆಂದು ಗೊತ್ತಿದ್ದರೆ ಅದನ್ನೂ ಬರೆಯಿರಿ.