ಅತ್ತೆ ಒಲೆಯ ಚಾರ್ಜು ಬಿಟ್ಟದ್ದು

ಅತ್ತೆ ತೀರಿಕೊಂಡ ಮೇಲೆ ಮಾತಾಡಿಸಲು ಬಂದವರೆಲ್ಲ ಒಬ್ಬರಿಗೊಬ್ಬರು ಹೇಳಿಕೊಟ್ಟ ಹಾಗೆ ಒಂದೇ ಮಾತು ಹೇಳಿದರು: "ಕೊನೆಯುಸಿರಿನ ತನಕ ದುಡಿದ ಜೀವ." ನಾನು ತಲೆಯಾಡಿಸಿದೆ. ಸಾವಿನ ಮನೆಯಲ್ಲಿ ತಿದ್ದುಪಡಿ ಹೇಳುವುದು ಚೆನ್ನಾಗಿರುವುದಿಲ್ಲ. ಈಗ ಹೇಳಬಹುದು, ಅದು ಶುದ್ಧ ಸುಳ್ಳು. ಬದುಕಿನ ಕೊನೆಯ ಹದಿನಾಲ್ಕು ವರ್ಷ ಅತ್ತೆ ಒಂದು ಚಮಚವನ್ನೂ ತೊಳೆಯಲಿಲ್ಲ. ಮಧ್ಯಾಹ್ನ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದರು. ಸಂಜೆ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಪಕ್ಕದ ಮನೆಯ ಗಂಡಹೆಂಡಿರ ಜಗಳ ಕೇಳುತ್ತಿದ್ದರು. ಜಗಳವಿಲ್ಲದ ದಿನ "ಅವರ ಮನೇಲಿ ಯಾರಿಗಾದ್ರೂ ಹುಷಾರಿಲ್ವೇನೋ" ಎಂದು ಚಿಂತೆ ಮಾಡುತ್ತಿದ್ದರು. ಅಷ್ಟು ಆರಾಮವಾಗಿ ಮುದುಕಿಯಾದ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಆರಾಮ ಅವರಿಗೆ ಸಿಕ್ಕಿದ ವಾರ ನನ್ನ ಕೈಗೆ ಬಂದಿದ್ದ ನೌಕರಿ ಹೋಗುವುದರಲ್ಲಿತ್ತು ಎನ್ನುವುದನ್ನೂ ಹೇಳಬೇಕು.

ಅತ್ತೆ ಮೂವತ್ತೊಂದು ವರ್ಷ ಊರಿನ ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿದವರು. ಹೋಟೆಲುಗಳ, ಆಸ್ಪತ್ರೆಗಳ ಹಾಸಿಗೆ ಹೊದಿಕೆ, ದಿಂಬಿನ ಚೀಲ, ಡಾಕ್ಟರರ ಕೋಟು. ಬಾಯ್ಲರಿನ ಹಬೆಯಲ್ಲಿ ನಿಂತು ನಿಂತು ಅವರ ಮುಖಕ್ಕೆ ಸದಾ ಈಗ ತಾನೇ ಯಾರಿಗೋ ಬೈದು ಬಂದಂಥ ಕೆಂಪು ಬಂದಿತ್ತು. ಬಹಳ ಸಲ ಬೈದೇ ಬಂದಿರುತ್ತಿದ್ದರು. ಅಲ್ಲಿಯ ಹೆಂಗಸರು ಅವರಿಗೆ ಇಟ್ಟ ಹೆಸರು ಗಂಜಿಯಮ್ಮ. ಗಂಜಿ ಹಾಕಿ ಒಣಗಿಸಿದ ಬಟ್ಟೆಯ ಹಾಗೆ ಎಲ್ಲಿ ನಿಲ್ಲಿಸಿದರೂ ನೆಟ್ಟಗೆ ನಿಲ್ಲುವವರು, ಬಗ್ಗಿಸಿದರೆ ಸದ್ದು ಮಾಡುವವರು.

ಲಾಂಡ್ರಿಯಲ್ಲಿ ಒಂದು ಕಾನೂನು ಇತ್ತು. ಹಿಂದೆ ಯಾವಳೋ ಪಾಳಿ ಮುಗಿಯಿತೆಂದು ಇಸ್ತ್ರಿ ಪೆಟ್ಟಿಗೆಯನ್ನು ಆರಿಸದೆ ಹೊರಟುಹೋಗಿ, ಮುಂದಿನ ಪಾಳಿಯವಳು ಅದು ತಣ್ಣಗಿದೆ ಎಂದುಕೊಂಡು ಹೊದಿಕೆಯ ಮೇಲೆ ಇಟ್ಟು, ಒಂದು ಮೇಜೂ ನಲವತ್ತು ಹೊದಿಕೆಗಳೂ ಸುಟ್ಟುಹೋಗಿದ್ದವು. ಅಂದಿನಿಂದ ಹೋಗುವವಳು ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು, ಬರುವವಳು ಅದನ್ನು ತಿರುಗಿ ಹೇಳಿ "ತಗೊಂಡೆ" ಅನ್ನಬೇಕು. ಅನ್ನುವ ತನಕ ಹೋಗುವವಳು ಹೊಸ್ತಿಲು ದಾಟುವ ಹಾಗಿಲ್ಲ. ಇದಕ್ಕೆ ಚಾರ್ಜು ಕೊಡುವುದು ಎನ್ನುತ್ತಿದ್ದರು. ಅತ್ತೆ ಈ ಕಾನೂನನ್ನು ಹಾಗೇ ಮಡಿಚಿ ಮನೆಗೆ ತಂದರು.

ನಾನು ಮದುವೆಯಾಗಿ ಬಂದ ಮೂರನೆಯ ದಿನ ಬೆಳಿಗ್ಗೆ ನನ್ನನ್ನು ಒಲೆಯ ಮುಂದೆ ನಿಲ್ಲಿಸಿ ಹೇಳಿದರು: "ಎಡಗಡೆ ಹಾಲು, ಇನ್ನೂ ಉಕ್ಕಿಲ್ಲ. ಬಲಗಡೆ ಅನ್ನ, ಐದು ನಿಮಿಷ. ಬಕೆಟ್ಟಲ್ಲಿ ಎರಡು ಶರ್ಟು ನೆನೆದಿದೆ, ಕಾಲರು ಉಜ್ಜಬೇಕು. ಚಿಕ್ಕೋನು ತಿಂದಿಲ್ಲ, ಮುಖ ಊದಿಸ್ಕೊಂಡಿದಾನೆ, ಮಾತಾಡಿಸ್ಬೇಡ. ಈಗ ನೀನು ಹೇಳು."

ನಾನು ತೊದಲುತ್ತ ಎಲ್ಲವನ್ನೂ ಹೇಳಿದೆ, ಮೈದುನನ ಊದಿದ ಮುಖವನ್ನೂ ಸೇರಿಸಿ.

"ತಗೊಂಡೆ ಅನ್ನು."

"ತಗೊಂಡೆ."

"ಜಾಣೆ," ಎಂದು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟರು. ಆಗ ಬಾಗಿಲಲ್ಲಿ ನಿಂತು ನೋಡಿದವಳು ನಾನು, ಹನ್ನೆರಡು ವರ್ಷ ಹಾಗೇ ನೋಡಿದೆ. ಬೆಳಗಿನ ಪಾಳಿ ಅವರಿಗೆ ಲಾಂಡ್ರಿಯಲ್ಲಿ, ನನಗೆ ಮನೆಯಲ್ಲಿ. ಸಂಜೆ ಅವರು ಬಂದು "ತಗೊಂಡೆ" ಅಂದಮೇಲೆ ನಾನು ಪಕ್ಕದ ಬೀದಿಯ ಮಕ್ಕಳಿಗೆ ಪಾಠ ಹೇಳಿಕೊಡಲು ಹೋಗುತ್ತಿದ್ದೆ. ಒಂದು ಸಲ ನಾನು ಸ್ನಾನದಲ್ಲಿದ್ದೆನೆಂದು ಅವರು ಚೀಲ ಹೆಗಲಿಗೇರಿಸಿಕೊಂಡೇ ಒಲೆಯ ಮುಂದೆ ಇಪ್ಪತ್ತು ನಿಮಿಷ ನಿಂತಿದ್ದರು. ಅಂದು ಅವರು ಹೋಗುವಷ್ಟರಲ್ಲಿ ಲಾಂಡ್ರಿಯ ಗೇಟು ಹಾಕಿತ್ತು. ಆಗಲೂ ನನ್ನನ್ನು ಬೈಯಲಿಲ್ಲ, ಬಚ್ಚಲಿನ ಬಾಗಿಲನ್ನು ಬೈದರು.

ಮನೆಯಲ್ಲಿ ಮೂವರು ಗಂಡಸರಿದ್ದರು. ನನ್ನ ಗಂಡ ಮನೆಮನೆಗೆ ಹೋಗಿ ಮೀಟರ್ ಓದುವವರು. ಮೈದುನ ಡ್ರೈವಿಂಗ್ ಶಾಲೆಯ ಮೇಷ್ಟ್ರು. ಮಾವ ಬೀದಿದೀಪಗಳ ಮೇಲ್ವಿಚಾರಕರಾಗಿ ನಿವೃತ್ತರಾಗಿದ್ದರು. ಇಡೀ ಊರಿನ ದೀಪ ಹೊತ್ತಿಸಿದವರಿಗೆ ಮನೆಯ ಒಲೆ ಹೊತ್ತಿಸಲು ಬರುತ್ತಿರಲಿಲ್ಲ. ಈ ಮೂವರಿಗೆ ಚಾರ್ಜು ಕೊಡುವ ಮಾತೇ ಎಂದೂ ಬಂದಿರಲಿಲ್ಲ. ತಪ್ಪು ಅವರದು ಮಾತ್ರ ಅಂದರೆ ಸುಳ್ಳಾಗುತ್ತದೆ. "ಇವರ ಕೈಗೆ ಕೊಟ್ರೆ ಬಾಯ್ಲರ್ ಸಿಡಿಯುತ್ತೆ," ಎಂದು ಅತ್ತೆಯೇ ಹೇಳುತ್ತಿದ್ದರು, ಸ್ವಲ್ಪ ಹೆಮ್ಮೆಯಿಂದಲೇ. ನಾನೂ ನಗುತ್ತಿದ್ದೆ. ನಮ್ಮ ಬೀಗಕ್ಕೆ ನಾವೇ ಎಣ್ಣೆ ಹಾಕಿಕೊಂಡಿದ್ದೆವು.

ಅರವತ್ತಕ್ಕೆ ಲಾಂಡ್ರಿಯವರು ಅತ್ತೆಯನ್ನು ಬೀಳ್ಕೊಟ್ಟರು. ಮ್ಯಾನೇಜರು ಭಾಷಣ ಮಾಡಿ ಒಂದು ಉಡುಗೊರೆ ಕೊಟ್ಟರು. ಬಣ್ಣದ ಕಾಗದ ಬಿಚ್ಚಿ ನೋಡಿದರೆ ಇಸ್ತ್ರಿ ಪೆಟ್ಟಿಗೆ. ಅತ್ತೆ ಅದನ್ನು ಮನೆಗೆ ತಂದು ಅಟ್ಟದ ಮೇಲೆ ಹಾಕಿ, "ಗೋರಿ ತೋಡೋನಿಗೆ ಗುದ್ದಲಿ ಕೊಟ್ಟ ಹಾಗೆ," ಎಂದರು.

ಅದೇ ವಾರ ನನಗೆ ಕಣ್ಣಿನ ಆಸ್ಪತ್ರೆಯಿಂದ ಕಾಗದ ಬಂತು. ಹೊರರೋಗಿಗಳ ಕೌಂಟರಿನಲ್ಲಿ ಕೆಲಸ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಹಾಜರಾಗಬೇಕು, ತಪ್ಪಿದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಮೂವತ್ತಾರನೆಯ ವಯಸ್ಸಿನಲ್ಲಿ, ಆರು ಅರ್ಜಿಗಳ ನಂತರ ಬಂದ ಕಾಗದ. ನಾನು ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಗುರುವಾರ ಊಟಕ್ಕೆ ಕೂತಾಗ ಮಾವ ಉದಾರವಾಗಿ ಹೇಳಿದರು: "ಒಳ್ಳೇದೇ ಆಯ್ತು. ಇನ್ನು ಇವಳು ಹೇಗೂ ಮನೇಲೇ ಇರ್ತಾಳೆ. ನೀನು ನಿಶ್ಚಿಂತೆಯಾಗಿ ಹೋಗಮ್ಮ."

"ನಾನು ತಗೊಳ್ಳಲ್ಲ," ಅಂದರು ಅತ್ತೆ.

"ಏನು ತಗೊಳ್ಳಲ್ಲ? ಅನ್ನಾನಾ?"

"ಚಾರ್ಜು. ಲಾಂಡ್ರಿಯಿಂದ ರಿಟೈರ್ ಆದೆ, ಇಲ್ಲಿಂದಾನೂ ಆದೆ. ನೀವು ಆದಾಗ ಎರಡೆರಡು ಸಲ ಆದ್ರಾ?"

"ಅಮ್ಮ, ತಮಾಷೆ ಮಾಡ್ಬೇಡ," ಅಂದರು ನನ್ನ ಗಂಡ.

"ಮೂವತ್ತೊಂದು ವರ್ಷ ತಮಾಷೆ ಮಾಡೋಕೆ ಹೋಗ್ತಿದ್ನೇನೋ?"

ಮೈದುನ ಜಾಣತನ ತೋರಿಸಿದ. "ಯಾರಾದ್ರೂ ಹೆಂಗಸನ್ನ ಕೆಲಸಕ್ಕೆ ಇಟ್ಕೊಂಡ್ರಾಯ್ತು."

"ನೋಡು, ಇನ್ನೊಬ್ಬಳು ಹೆಂಗಸು. ನಿಮ್ಮ ತಲೆ ಓಡಿದ್ರೆ ಅಲ್ಲಿಗೇ ಓಡುತ್ತೆ. ಡ್ರೈವಿಂಗ್ ಕಲಿಸ್ತೀಯಲ್ಲ, ಸ್ವಲ್ಪ ಸ್ಟೀರಿಂಗ್ ತಿರುಗಿಸೋ."

ಅಂದು ಊಟ ಬೇಗ ಮುಗಿಯಿತು. ಎರಡು ವರ್ಷದಿಂದ ಮನೆಯಲ್ಲೇ ಕೂತು ದಿನಕ್ಕೆ ಮೂರು ಗಂಟೆ ಪೇಪರು ಓದುವ ಮನುಷ್ಯರೊಬ್ಬರು ಎದುರಿಗೇ ಇದ್ದರು. ಅವರ ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಕುರ್ಚಿಯನ್ನೋ ಬೀರುವನ್ನೋ ಕೆಲಸಕ್ಕೆ ಕರೆಯುವುದು ನಮಗೆ ಹೊಳೆಯುವುದಿಲ್ಲವಲ್ಲ, ಹಾಗೆ.

ನನಗೆ ಅತ್ತೆಯ ಮೇಲೆ ಕೆಟ್ಟ ಕೋಪ ಬಂತು. ಗಂಡಸರು ಹೋಗು ಅನ್ನುತ್ತಿದ್ದಾರೆ, ಈ ಹೆಂಗಸು ಅಡ್ಡ ಕಾಲಿಡುತ್ತಿದ್ದಾರೆ. ಶನಿವಾರ ಮಹಡಿಯ ಮೇಲೆ ಬಟ್ಟೆ ಹರವುವಾಗ ಕೇಳಿಯೇಬಿಟ್ಟೆ.

"ಅತ್ತೆ, ಆರು ತಿಂಗಳು ತಗೊಳ್ಳಿ. ನನ್ನ ಕೆಲಸ ಗಟ್ಟಿಯಾಗೋ ತನಕ."

ಅವರು ಒದ್ದೆ ಟವೆಲ್ಲನ್ನು ಎರಡು ಸಲ ಒದರಿದರು. "ಆರು ತಿಂಗಳು ಅಂತ ತಗೊಂಡ್ರೆ ನಾನು ಸಾಯೋ ತನಕ ಇಟ್ಕೋಬೇಕು. ಸತ್ತ ದಿನ ಯಾರಿಗೆ ಬರುತ್ತೆ ಹೇಳು."

ನಾನು ಇನ್ನೊಂದು ಬಟ್ಟೆ ಹಿಂಡಿ ಹರವಿದೆ.

"ನಿಂಗೆ. ಆಗ ರಾಜೀನಾಮೆ ಬರೀತೀಯಾ. ಅದನ್ನ ಈಗ್ಲೇ ಬರೆದ್ರೆ ಬಸ್ಸಿನ ಓಡಾಟ ಆದ್ರೂ ಉಳಿಯುತ್ತೆ."

"ಹಾಗಾದ್ರೆ ಸೋಮವಾರ ನಾನು ಏನು ಮಾಡ್ಲಿ?"

"ಚಾರ್ಜು ಕೊಟ್ಟು ಹೋಗು."

"ಯಾರಿಗೆ?"

"ಅದು ಕೊಡೋರ ಚಿಂತೆ ಅಲ್ಲ, ತಗೊಳ್ಳೋರದ್ದು."

ಇದಕ್ಕೇನರ್ಥ ಎಂದು ಭಾನುವಾರವಿಡೀ ಯೋಚಿಸಿದೆ. ಅರ್ಥವಾಗಲಿಲ್ಲ. ಅವರಿಗೂ ಆಗಿತ್ತೋ ಇಲ್ಲವೋ ಗೊತ್ತಿಲ್ಲ.

ಸೋಮವಾರ ಏಳು ಗಂಟೆಗೆ ನನ್ನ ಮಗಳು ಶಾಲೆಗೆ, ಗಂಡ ಮತ್ತು ಮೈದುನ ಅವರವರ ಕೆಲಸಕ್ಕೆ ಹೊರಟಾಗಿತ್ತು. ಗಂಡಸರಿಬ್ಬರೂ ಅಂದು ಅಡುಗೆಮನೆಯ ಕಡೆಗೆ ತಿರುಗಿ ನೋಡದೆ ಬಹಳ ಚುರುಕಾಗಿ ಹೋದರು. ಏಳೂ ಇಪ್ಪತ್ತೈದಕ್ಕೆ ನನ್ನ ಬಸ್ಸು. ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಚೀಲ ಹೆಗಲಿಗೇರಿಸಿ ಒಲೆಯ ಮುಂದೆ ನಿಂತೆ. ಒಲೆ ಉರಿಯುತ್ತಿತ್ತು. ಆರಿಸಿ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹನ್ನೆರಡು ವರ್ಷ "ತಗೊಂಡೆ" ಕೇಳದೆ ಹೊಸ್ತಿಲು ದಾಟದ ಕಾಲು, ಅದು ಏಳಲಿಲ್ಲ. ಅತ್ತೆ ಹಜಾರದಲ್ಲಿ ಕೈಕಟ್ಟಿ ಕೂತಿದ್ದರು. ಅವರ ಎದುರು ಮಾವ, ಮಾವನ ಮುಂದೆ ಪೇಪರು.

ನಾನು ಗಟ್ಟಿಯಾಗಿ, ಯಾರಿಗೂ ಅಲ್ಲದ ಹಾಗೆ ಹೇಳಿದೆ: "ಎಡಗಡೆ ಹಾಲು, ಇನ್ನೂ ಉಕ್ಕಿಲ್ಲ. ಬಲಗಡೆ ಅನ್ನ, ಹತ್ತು ನಿಮಿಷ. ತರಕಾರಿ ಹೆಚ್ಚಿದೆ, ಬೇಯಿಸಿಲ್ಲ. ಬಕೆಟ್ಟಲ್ಲಿ ಮೂರು ಶರ್ಟು."

ಪೇಪರಿನ ಒಂದು ಪುಟ ತಿರುಗಿತು. ಮತ್ತೆ ಹೇಳಿದೆ. ಗಂಟೆ ಏಳೂ ಹದಿನೈದು. ಮೂರನೆಯ ಸಲ ಇನ್ನೂ ಗಟ್ಟಿಯಾಗಿ ಹೇಳಿದೆ.

ಪೇಪರಿನ ಹಿಂದಿನಿಂದ ಮಾವ ರೇಗಿದರು. "ಅಯ್ಯೋ, ಬೆಳಬೆಳಿಗ್ಗೆ ಇದೇನು ಮಂತ್ರ. ಆಯ್ತಮ್ಮ, ತಗೊಂಡೆ, ತಗೊಂಡೆ. ಪೇಪರ್ ಓದೋಕೆ ಬಿಡಿ."

ಮಾವ ನಿಧಾನವಾಗಿ ಪೇಪರು ಕೆಳಗಿಳಿಸಿದರು. ಹನ್ನೆರಡು ವರ್ಷ ಆ ಮಾತು ಕೇಳಿದ ಮನುಷ್ಯ. ತಮ್ಮ ಬಾಯಿಂದ ಏನು ಬಿತ್ತೆಂದು ಅವರಿಗೆ ಆಗ ಗೊತ್ತಾಯಿತು.

"ನಾನು ಸುಮ್ನೆ ಅಂದೆ."

"ಸುಮ್ನೆ ಅನ್ನೋ ಮಾತಲ್ಲ ಅದು," ಅಂದರು ಅತ್ತೆ. "ಹನ್ನೆರಡು ವರ್ಷ ಇವಳು ಸುಮ್ನೆ ಅಂದ್ಲಾ? ಹಾಲು ಉಕ್ತಾ ಇದೆ ನೋಡಿ."

ಮಾವ ಎದ್ದರು. ಒಲೆಯ ಹತ್ತಿರ ಹೋದವರು ಪೇಪರಿನಿಂದಲೇ ಹಾಲಿಗೆ ಗಾಳಿ ಹಾಕತೊಡಗಿದರು. ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಅತ್ತೆಯೂ ತಮ್ಮ ಹಳೆಯ ಚೀಲ ತಗೊಂಡು ಬಾಗಿಲಲ್ಲಿದ್ದರು.

"ನೀವೆಲ್ಲಿಗೆ?"

"ನಿನ್ನ ಜೊತೆ. ಇಲ್ಲಿದ್ರೆ ನನ್ನ ಕೈ ಸುಮ್ನಿರಲ್ಲ. ಒಳಗೆ ಹೋಗಿ ಎಲ್ಲ ಕಿತ್ಕೊಂಡ್ಬಿಡ್ತೀನಿ, ನಡಿ ಬೇಗ."

ಹೀಗೆ ನನ್ನ ನೌಕರಿಯ ಮೊದಲ ದಿನ ಅತ್ತೆ ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಸಂಜೆಯ ತನಕ ಕೂತರು. ಎರಡನೆಯ ದಿನವೂ ಬಂದರು. ಅಲ್ಲಿ ಬೆಂಚಿನ ಮೇಲೆ ಕೂತ ಮುದುಕಿಯನ್ನು ಯಾರೂ ಏನೂ ಕೇಳುವುದಿಲ್ಲ. ಸಂಜೆ ಮನೆಗೆ ಹೋದರೆ ಹೊಗೆಯ ವಾಸನೆ, ಸೀದ ತಳ, ಮುಖ ಸಿಂಡರಿಸಿಕೊಂಡ ಮಾವ. ಅತ್ತೆ ಹಲ್ಲು ಕಚ್ಚಿಕೊಂಡು ತಿನ್ನುತ್ತಿದ್ದರು. ಅವರ ಬೆರಳುಗಳು ತಟ್ಟೆಯ ಅಂಚನ್ನು ಒರೆಸುತ್ತಲೇ ಇರುತ್ತಿದ್ದವು. ಇನ್ನು ಎರಡು ದಿನ, ಆಮೇಲೆ ಇವರು ಸೋಲುತ್ತಾರೆ, ಅವರ ಹಿಂದೆಯೇ ನಾನು, ಎಂದು ಲೆಕ್ಕ ಹಾಕಿದೆ.

ಮೂರನೆಯ ದಿನ ಒಬ್ಬಳು ನರ್ಸು ಬೆಂಚಿನ ಸಾಲಿನಲ್ಲಿದ್ದ ಎಲ್ಲರ ಜೊತೆ ಅತ್ತೆಗೂ ಕಣ್ಣಿಗೆ ಹನಿ ಹಾಕಿಬಿಟ್ಟಳು. ಪಾಪೆ ಅಗಲವಾಗಿಸುವ ಔಷಧಿ. ಕೆಲವು ಗಂಟೆ ಎಲ್ಲವೂ ಮಂಜುಮಂಜು. ನಾನು ಕೌಂಟರಿನಿಂದ ಓಡಿಬರುವಷ್ಟರಲ್ಲಿ ಎರಡೂ ಕಣ್ಣಿಗೆ ಆಗಿತ್ತು.

"ಬೇಡ ಅನ್ನಬಾರದಿತ್ತಾ ಅತ್ತೆ?"

"ನನಗ್ಯಾರೂ ಇಷ್ಟು ಪ್ರೀತಿಯಿಂದ ತಲೆ ಎತ್ತಿ ಹಿಡಿದಿರಲಿಲ್ಲ ಕಣೆ. ಇರಲಿ ಅಂತ ಸುಮ್ನಿದ್ದೆ."

ಕೈಹಿಡಿದು ಮನೆಗೆ ಕರೆತಂದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಒಲೆಯ ಮೇಲಿನ ಮಸಿ ಕಾಣಲಿಲ್ಲ, ನೆಲದ ಮೇಲಿನ ಸಿಪ್ಪೆ ಕಾಣಲಿಲ್ಲ, ತೊಳೆಯದ ಪಾತ್ರೆ ಕಾಣಲಿಲ್ಲ. ಅವರ ಮುಖದಲ್ಲಿ ನಾನು ಎಂದೂ ಕಾಣದ ಶಾಂತಿ ಬಂತು. "ಪರವಾಗಿಲ್ಲ, ಚೆನ್ನಾಗೇ ಇಟ್ಕೊಂಡಿದೀರ," ಎಂದರು. ಮದುವೆಯಾದಾಗಿನಿಂದ ಹೆಂಡತಿಯ ಹೊಗಳಿಕೆ ಕೇಳದ ಮಾವ ತಬ್ಬಿಬ್ಬಾಗಿ ಒಂದು ಪಾತ್ರೆ ತೊಳೆದರು.

ಔಷಧಿಯ ಪ್ರಭಾವ ಅಂದೇ ಸಂಜೆ ಇಳಿಯಬೇಕಿತ್ತು. ಅತ್ತೆಗೆ ಒಂಬತ್ತು ದಿನ ಇಳಿಯಲಿಲ್ಲ. ಮರುದಿನದಿಂದ ಅವರು ಆಸ್ಪತ್ರೆಗೆ ಬರುವುದನ್ನು ಬಿಟ್ಟು ಮನೆಯಲ್ಲೇ ಕೂತರು. ಉಪ್ಪಿನ ಡಬ್ಬಿ ಯಾವುದು ಎಂದು ಮಾವ ಕೇಳಿದರೆ, "ನಂಗೇನು ಕಾಣ್ಸುತ್ತೆ, ನೆಕ್ಕಿ ನೋಡಿ," ಎಂದರಂತೆ. ಪಕ್ಕದ ಮನೆಯ ಜಗಳದಲ್ಲಿ ಯಾರು ಯಾವ ಬಣ್ಣದ ಚೆಂಬು ಎಸೆದರು ಎನ್ನುವುದನ್ನು ಮಾತ್ರ ಸಂಜೆ ನನಗೆ ವಿವರವಾಗಿ ಹೇಳುತ್ತಿದ್ದರು. ಡಾಕ್ಟರನ್ನು ಕೇಳಲೇ ಎಂದು ಗಂಡ ನನ್ನನ್ನು ಕೇಳಿದರು. ಇಂಥದ್ದು ಕೆಲವರಿಗೆ ನಿಧಾನ ಎಂದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳ ಮಾತು, ನಂಬಿದರು.

ಹತ್ತನೆಯ ದಿನ ಬೆಳಿಗ್ಗೆ ಅತ್ತೆ ಎದ್ದು ನೆಟ್ಟಗೆ ಅಡುಗೆಮನೆಗೆ ನಡೆದರು. ನಾನು ಚೀಲ ಹಿಡಿದು ನಿಂತಲ್ಲೇ ನಿಂತೆ. ಮಾವ ಒಲೆಯ ಮುಂದಿದ್ದರು, ಬೆನ್ನು ನಮ್ಮ ಕಡೆಗೆ. ನಲವತ್ತು ವರ್ಷ ಒಂದೇ ಕಡೆ ಇದ್ದ ಡಬ್ಬಿಗಳೆಲ್ಲ ಜಾಗ ಬದಲಿಸಿದ್ದವು, ಬೀದಿದೀಪದ ಕಂಬಗಳ ಹಾಗೆ ಒಂದೊಂದಕ್ಕೂ ನಂಬರು ಅಂಟಿಸಲಾಗಿತ್ತು. ಅತ್ತೆ ಒಂದೊಂದನ್ನೇ ನೋಡಿದರು. ಕೈ ಮೇಲೆದ್ದು ಮೂರನೆಯ ನಂಬರಿನ ಡಬ್ಬಿಯ ತನಕ ಹೋಯಿತು. ಅಲ್ಲೇ ನಿಂತಿತು.

"ಟೀಪುಡಿ ಎಲ್ಲಿಟ್ಟಿದೀರಿ?" ಎಂದು ಕೇಳಿದರು.

ಮಾವ ತಿರುಗಿ ನೋಡಲಿಲ್ಲ. "ನೀನು ಹೋಗಿ ಕೂತ್ಕೊ. ಇಲ್ಲಿ ಕಾಲಿಗೆ ಸಿಕ್ತೀಯ. ತಂದ್ಕೊಡ್ತೀನಿ."

ಅತ್ತೆ ಹೊರಗೆ ಬಂದು ಕೂತರು. ಯಾವ ಕಡೆ ನೋಡಬೇಕೆಂದು ಗೊತ್ತಾಗದೆ ನನ್ನನ್ನು ನೋಡಿ, "ಇನ್ನೂ ಇಲ್ಲೇ ಇದೀಯಾ?" ಎಂದು ಗದರಿದರು. ನಾನು ಬಸ್ಸಿಗೆ ಓಡಿದೆ. ಟೀ ಬಾಯಿಗೆ ಹಾಕುವಂತಿರಲಿಲ್ಲ ಎಂದು ಸಂಜೆ ದೂರಿದರು. ಎರಡು ಸಲ ಹಾಕಿಸಿಕೊಂಡು ಕುಡಿದರೆಂದು ಮಾವ ಹೇಳಿದರು.