ತಪ್ಪು ಮೇಷ್ಟ್ರ ಮನೆಪಾಠ

ನಮ್ಮಣ್ಣನಿಗೆ ತಂದೆತಾಯಿ ಇಟ್ಟ ಹೆಸರು ಯಾರಿಗೂ ನೆನಪಿಲ್ಲ, ಊರಿಗೆಲ್ಲ ಅವನು ತಪ್ಪು ಮೇಷ್ಟ್ರು. ಟ್ಯುಟೋರಿಯಲ್‌ನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಾನೆ. ಬೆಳಿಗ್ಗೆ ಒಳಗೆ ಬಂದವನೇ ಹಲಗೆಯ ಮೇಲೆ ಒಂದು ತಪ್ಪು ವಾಕ್ಯ ಬರೆಯುತ್ತಾನೆ. ‘ಹಿ ಡೋಂಟ್ ನೋ.’ ‘ವಿ ಡಿಸ್ಕಸ್ಡ್ ಅಬೌಟ್ ದಿ ಮ್ಯಾಟರ್.’ ತಪ್ಪು ಹಿಡಿದವರು ಎದ್ದು ಬಂದು ‘ಡೋಂಟ್’ ಇದ್ದಲ್ಲಿ ‘ಡಸಂಟ್’ ಬರೆಯಬೇಕು, ‘ಅಬೌಟ್’ ಹೊಡೆದುಹಾಕಬೇಕು. ಹಿಡಿಯದವರು ನಿಂತೇ ಇರಬೇಕು.

ಅಷ್ಟಕ್ಕೇ ಮುಗಿದಿದ್ದರೆ ಪುಣ್ಯ. ಕ್ಲಾಸು ಬಿಟ್ಟರೂ ಈ ಮಹಾರಾಯನನ್ನು ಕ್ಲಾಸು ಬಿಡುವುದಿಲ್ಲ. ಒಮ್ಮೆ ಕ್ಷೌರದಂಗಡಿಯ ಬೋರ್ಡನ್ನು ಜೇಬಿನ ಸೀಮೆಸುಣ್ಣದಿಂದ ತಿದ್ದಲು ಹೋದ. ಅರ್ಧ ಕ್ಷೌರವಾಗಿದ್ದ ಗಿರಾಕಿಯನ್ನು ಅಲ್ಲೇ ಬಿಟ್ಟು ಕ್ಷೌರಿಕ ಅಟ್ಟಿಸಿಕೊಂಡು ಬಂದ. ಇವನು ಓಡುತ್ತಲೇ, “ಕೊನೇಲಿ ಒಂದು ಎಸ್ ಬಿಟ್ಟಿದೀಯ ಕಣಯ್ಯಾ!” ಎಂದು ಕೂಗುತ್ತಿದ್ದನಂತೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಸುಮ್ಮನೆ ಅಲ್ಲ.

ನಗುವಷ್ಟು ದಿನ ನಕ್ಕೆವು. ಆಮೇಲೆ ಅತ್ತಿಗೆಯ ಆಸ್ಪತ್ರೆಯಲ್ಲಿ ಹೊಸ ನಿಯಮ ಬಂತು. ಅತ್ತಿಗೆ ವಾರ್ಡಿನ ಹಿರಿಯ ನರ್ಸು. ಸೂಜಿ ಚುಚ್ಚಿದ್ದು ಮಗುವಿಗೂ ತಿಳಿಯದಂಥ ಕೈ ಅವಳದು. ಇನ್ನುಮುಂದೆ ವಾರ್ಡ್ ನೋಡಿಕೊಳ್ಳುವವರು ರೋಗಿಯ ಸ್ಥಿತಿಯನ್ನು ಡಾಕ್ಟರಿಗೆ ಇಂಗ್ಲಿಷಿನಲ್ಲೇ ಹೇಳಬೇಕು, ಅದಕ್ಕೊಂದು ಮೌಖಿಕ ಪರೀಕ್ಷೆ, ಫೇಲಾದರೆ ಬಟ್ಟೆ ಉಗ್ರಾಣಕ್ಕೆ ವರ್ಗ ಅಂದರು.

“ರೋಗಿ ಮುಖ ನೋಡ್ದೆ ಬೆಡ್‌ಶೀಟ್ ಮಡಚ್ಕೊಂಡು ಕೂರೋಕೆ ನಾನು ನರ್ಸ್ ಆದ್ನಾ?” ಎಂದು ಅಡುಗೆಮನೆಯಲ್ಲಿ ನನ್ನ ಹೆಗಲ ಮೇಲೆ ಅತ್ತಳು.

“ಮನೇಲೇ ಮೇಷ್ಟ್ರಿರೋವಾಗ ಅಳೋದ್ಯಾಕೆ?” ಎಂದ ಅಣ್ಣ. ಅಲ್ಲಿಗೆ ನಮ್ಮ ನೆಮ್ಮದಿಗೆ ಎಳ್ಳುನೀರು ಬಿಟ್ಟಂತಾಯಿತು.

ಅದೇ ಪಾಠ, ಅದೇ ಕ್ರಮ. ಅವಳು ಪಾತ್ರೆ ತೊಳೆಯುವಾಗ ಒಂದು ತಪ್ಪು ವಾಕ್ಯ, ತಲೆ ಬಾಚುವಾಗ ಇನ್ನೊಂದು. ಅಣ್ಣ ಕೂತಲ್ಲಿ ಕೂರದೆ ಅವಳ ಹಿಂದೆ ಮುಂದೆ ಸುತ್ತುತ್ತಿದ್ದ. ಅತ್ತಿಗೆ ದಡ್ಡಿಯಲ್ಲ, ಬೇಗನೆ ಎಲ್ಲ ತಪ್ಪನ್ನೂ ಹಿಡಿಯತೊಡಗಿದಳು. ಆದರೆ ಸ್ವಂತ ಮಾತು ಮಾತ್ರ ನಿಂತುಹೋಯಿತು. “ದಿ ಪೇಷೆಂಟ್ ಹ್ಯಾಸ್… ಅಲ್ಲ, ಹ್ಯಾಡ್… ಇರಿ…” ಎಂದು ಎರಡು ಹೆಜ್ಜೆ ಮುಂದೆ, ಮೂರು ಹೆಜ್ಜೆ ಹಿಂದೆ. ಕೊನೆಗೆ ಕನ್ನಡದಲ್ಲಿ ಉಪ್ಪು ಕೇಳುವಾಗಲೂ ನಡುವೆ ನಿಂತು, ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದಳು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ನನಗೆ ಮೈಯೆಲ್ಲ ಉರಿಯಿತು.

“ಅಣ್ಣಾ, ಮಾತು ಕಲಿಸ್ತಿದೀಯೋ, ಇರೋ ಮಾತನ್ನೂ ಕಿತ್ಕೋತಿದೀಯೋ?”

“ತಪ್ಪು ಯಾವ್ದು ಅಂತ ಗೊತ್ತಿಲ್ದೆ ಸರಿ ಹೇಗೆ ಬರುತ್ತೆ? ನೀನು ನಿನ್ನ ಹೊಲಿಗೆ ನೋಡ್ಕೋ.”

“ಹೊಲಿಗೇಲೂ ಬರೀ ಬಿಚ್ಚೋದನ್ನೇ ಕಲಿಸಿದ್ರೆ ಒಬ್ರಿಗೂ ಅಂಗಿ ಹಾಕ್ಕೊಳ್ಳೋಕಾಗಲ್ಲ!” ಎಂದೆ. ಅವನ ಕಿವಿಗೆ ಹೋದರೆ ತಾನೆ?

ಪರೀಕ್ಷೆಯ ದಿನ ಅತ್ತಿಗೆ ನನ್ನತ್ತ ತೋರಿಸಿ ಅವನಿಗೆ, “ನೀವು ಬರ್ಬೇಡಿ, ಇವಳು ಬರ್ತಾಳೆ” ಎಂದಳು. ನಾವಿಬ್ಬರೂ ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕೂತೆವು. ಕರೆದರು, ಒಳಗೆ ಹೋದಳು. ತೆಳು ಪ್ಲೈವುಡ್ ಬಾಗಿಲು, ಒಳಗಿನದೆಲ್ಲ ಕೇಳಿಸುತ್ತಿತ್ತು. ತಿರುಗಿ ನೋಡಿದರೆ ಅಣ್ಣ ಏದುಸಿರು ಬಿಡುತ್ತ ನಿಂತಿದ್ದಾನೆ!

“ಕ್ಲಾಸು?” ಎಂದೆ.

“ಒಂದು ವಾಕ್ಯ ಕೊಟ್ಟು ಬಂದಿದೀನಿ. ನಿಂತಿರ್ತಾರೆ ಬಿಡು.”

ಒಳಗೆ ಯಾರೋ ಫೋನೆತ್ತಿದ ಡಾಕ್ಟರರಂತೆ ನಟಿಸುತ್ತ, ರೋಗಿ ಹೇಗಿದ್ದಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಣ್ಣ ಬಾಗಿಲಿಗೆ ಕಿವಿ ಕೊಟ್ಟು ತುದಿಗಾಲಲ್ಲಿ ನಿಂತ. ಆಮೇಲೆ ಅತ್ತಿಗೆಯ ದನಿ ಕೇಳಿತು. ಮೊದಲು ತಡವರಿಸಿತು, ನಂತರ ಹಿಡಿತಕ್ಕೆ ಬಂತು. ಜ್ವರ ಇಷ್ಟಿದೆ, ನಾಡಿ ಜೋರಿದೆ ಎಂದಳು. ನನಗೆ ಜೀವ ಬಂದ ಹಾಗಾಯಿತು. “ಷಿ ಡೋಂಟ್ ಡ್ರಿಂಕ್ ವಾಟರ್, ಡಾಕ್ಟರ್…”

“ಡಸಂಟ್!” ಎಂದು ಕಿರುಚಿದ ನಮ್ಮಣ್ಣ.

ಒಳಗೆ ಮಾತು ನಿಂತಿತು. ಅಯ್ಯೋ ಹಾಳಾದವನೇ ಎಂದು ನಾನು ಅವನ ಕಾಲರ್ ಹಿಡಿದೆ. ಬಾಗಿಲು ತೆರೆಯಿತು. ಅತ್ತಿಗೆ ನಿಂತಿದ್ದಳು, ಅವಳ ಬೆನ್ನ ಹಿಂದೆ ಪರೀಕ್ಷಕರು ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದರು. ಅವಳನ್ನು ಅಷ್ಟು ಕೆಂಪಗೆ ನಾನೆಂದೂ ಕಂಡಿರಲಿಲ್ಲ.

“ಕೆಳಗೆ ಹೋಗಿ. ಗೇಟ್ ಹತ್ರ ನಿಂತ್ಕೊಳ್ಳಿ.”

“ಅಲ್ವೇ, ಅದು ಡಸ…”

“ಹೋಗಿ ಅಂದ್ನಲ್ಲ.” ನನ್ನತ್ತ ತಿರುಗಿ, “ನೀನೂ ಹೋಗು, ಇವರನ್ನ ಬಿಡ್ಬೇಡ” ಎಂದು ಬಾಗಿಲು ಹಾಕಿಕೊಂಡಳು.

ಗೇಟಿನ ಬಳಿ ಅಣ್ಣ ಮೈಮೇಲೆ ಇರುವೆ ಬಿಟ್ಟುಕೊಂಡವನಂತೆ ಅಡ್ಡಾಡಿದ. ವಾಚ್‌ಮ್ಯಾನ್ ಎರಡು ಸಲ ಗದರಿದರೂ ನಿಲ್ಲಲಿಲ್ಲ.

“ಕೆಡಿಸ್ಬಿಟ್ನಲ್ಲೇ. ಅವಳ ಬಾಯಿಗೆ ಮಣ್ಣು ಹಾಕ್ಬಿಟ್ಟೆ.”

ಸಮಾಧಾನ ಹೇಳಬಹುದಿತ್ತು. ಹೇಳಲು ಮನಸ್ಸು ಬರಲಿಲ್ಲ. “ಹೌದು, ಹಾಕ್ದೆ” ಎಂದೆ. ಅವನು ಕಣ್ಣೊರೆಸಿಕೊಂಡ. ನಾನು ಮುಖ ತಿರುಗಿಸಿಯೇ ನಿಂತಿದ್ದೆ.

ಕಡೆಗೆ ಅತ್ತಿಗೆ ಬ್ಯಾಗು ಹೆಗಲಿಗೇರಿಸಿಕೊಂಡು ಬಂದಳು.

“ಏನಾಯ್ತು ಅತ್ತಿಗೆ?”

“ಆಯ್ತು ಕಣೆ. ಪಾಸಾದೆ, ವಾರ್ಡ್ ನಂದೇ.”

ನಾನು ರಸ್ತೆ ಅನ್ನುವುದನ್ನೂ ಮರೆತು ಅವಳನ್ನು ತಬ್ಬಿಕೊಂಡು ಕುಣಿದೆ. ಅಣ್ಣನ ಮುಖ ಊರಗಲವಾಯಿತು.

“ನೋಡಿದ್ಯಾ? ಅಷ್ಟು ದಿನ ಬೆನ್ನು ಬಿಡ್ದೆ ಪ್ರಾಕ್ಟೀಸ್ ಮಾಡ್ಸಿದ್ದಕ್ಕೂ…”

ನಾನು ಹಿಡಿದೆಳೆದಿದ್ದರಿಂದ ಅವನ ಕಾಲರ್ ಮುದುಡಿತ್ತು. ಅತ್ತಿಗೆ ಅದನ್ನು ಸರಿಮಾಡಿದಳು. ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ.

“ನೀವು ಕೆಳಗೆ ಹೋದ್ಮೇಲೆ ನಂಗೆ ಮಾತು ಬಂತು ಕಣ್ರೀ.”

ಅಣ್ಣ ಅಲ್ಲೇ ನಿಂತ. ಪಾಪ ಅನ್ನಿಸಿತು ನನಗೆ, ನಿಜವಾಗಿಯೂ ಪಾಪ ಅನ್ನಿಸಿತು. ನಾವಿಬ್ಬರೂ ಬಸ್‌ಸ್ಟಾಪಿನ ಕಡೆ ಹೊರಟೆವು, ಅವನು ಹಿಂದಿನಿಂದ ಬಂದು ಸೇರಿಕೊಂಡ.

“ಹಾಗಾದ್ರೆ ನಾನು ಇನ್ನೂ ಮೊದ್ಲೇ ಹೋಗ್ಬೇಕಿತ್ತು,” ಎಂದ.

ಅತ್ತಿಗೆ ಇಲ್ಲ ಅನ್ನಲಿಲ್ಲ.